ಸಾಕುವವರು ಅಜ್ಜ-ಅಜ್ಜಿ, ಸಹಿ ಯಾರದು?

ಅಂಗನವಾಡಿ_ಅಂಗಳ

ಎಲ್ಲರಿಗೂ ನಮಸ್ಕಾರ. ಹಾವೇರಿ, ಗದಗ ಕಡೆಯ ಅಂಗನವಾಡಿಗಳಿಗೆ ಮಗುವಿನ ಕೈ ಹಿಡಿದು ಬರುವವರು ಅಜ್ಜ-ಅಜ್ಜಿಯೇ ಆಗಿರುವುದು ಈಗ ಅಪರೂಪವಲ್ಲ. ಕೆಲವರ ಮಗ-ಸೊಸೆ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾರೆ. ಕೆಲವು ಮನೆಗಳಲ್ಲಿ ತಾಯಿ ತೀರಿಕೊಂಡು ತಂದೆ ಬೇರೆ ಸಂಸಾರ ಹೂಡಿರುತ್ತಾನೆ. ಇಬ್ಬರೂ ಇಲ್ಲದ ಮಕ್ಕಳೂ ಇದ್ದಾರೆ. ರೊಟ್ಟಿ ತಟ್ಟಿ ಹಾಕಿ, ತಲೆ ಬಾಚಿ ಕಳಿಸೋದರಲ್ಲಿ ಈ ಹಿರಿಯರು ಯಾರಿಗೂ ಕಡಿಮೆಯಿಲ್ಲ. ಆದರೆ ಶಾಲೆ, ಬ್ಯಾಂಕು, ಆಸ್ಪತ್ರೆ, ಎಲ್ಲಿ ಹೋದರೂ "ತಂದೆ-ತಾಯಿ ಬರಲಿ" ಅನ್ನುತ್ತಾರೆ, ಇವರು ಸುಮ್ಮನೆ ವಾಪಸ್ ಬರುತ್ತಾರೆ.

ಒಂದು ಮಾದರಿ ಇಟ್ಟುಕೊಂಡು ಕೇಳ್ತೀನಿ. 4 ಮತ್ತು 9 ವರ್ಷದ ಇಬ್ಬರು ಮಕ್ಕಳು. ತಾಯಿ ತೀರಿಕೊಂಡಿದ್ದಾಳೆ. ಮಕ್ಕಳು ತಾಯಿಯ ತವರಲ್ಲಿ ಇದ್ದಾರೆ. ತಂದೆ ಬದುಕಿದ್ದಾನೆ, ಫೋನ್ ಎತ್ತೋದಿಲ್ಲ. ಅಜ್ಜನಿಗೆ 67, ಅಜ್ಜಿಗೆ 62. ಇಂಥ ಮನೆಯವರು ಮೊದಲು ಯಾವ ಕೆಲಸ ಮಾಡಬೇಕು, ಏನು ಮಾಡಬಾರದು? ಕಷ್ಟಸುಖದ ಕಥೆ ಬೇಡ, ನಾಳೆ ಬೆಳಗ್ಗೆ ಆ ಅಜ್ಜಿಗೆ ಹೇಳಬಹುದಾದ ಮಾತು ಬೇಕು.

ಹೆಡ್‌ಮೇಷ್ಟ್ರು

ಏನು ಮಾಡಬಾರದು ಅನ್ನೋದರಿಂದಲೇ ಶುರು ಮಾಡ್ತೀನಿ, ಏಕೆಂದರೆ ಈ ಒಂದು ತಪ್ಪು ಹತ್ತು ವರ್ಷ ಕಾಡುತ್ತೆ. ದಾಖಲಾತಿ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನೋ ಕಡೆ ಅಜ್ಜನ ಹೆಸರು ಬರೆಸಬೇಡಿ. "ಅವನ ಹೆಸರು ಯಾಕೆ, ಸಾಕೋದು ನಾವು" ಅನ್ನೋ ಸಿಟ್ಟಿನಲ್ಲಿ ಹಿರಿಯರು ಹೀಗೆ ಬರೆಸ್ತಾರೆ, ಕೆಲವೊಮ್ಮೆ ಶಾಲೆಯವರೂ ಕರುಣೆಯಿಂದ ಬರೆದುಕೊಳ್ತಾರೆ. ಆಮೇಲೆ ಜನನ ಪ್ರಮಾಣಪತ್ರದಲ್ಲಿ ಒಬ್ಬ ತಂದೆ, ಶಾಲಾ ದಾಖಲೆಯಲ್ಲಿ ಇನ್ನೊಬ್ಬ ತಂದೆ. ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ತಂದೆಯ ಪಿಎಫ್, ಜಮೀನಿನ ಪೌತಿ ಖಾತೆ, ಎಲ್ಲದರಲ್ಲೂ ಮಗು "ಇವನ ಮಗ ಅಲ್ಲ" ಅಂತಾಗುತ್ತೆ. ತಂದೆ-ತಾಯಿ ಜಾಗದಲ್ಲಿ ಹೆತ್ತವರ ಹೆಸರೇ ಇರಲಿ, ತೀರಿಕೊಂಡಿದ್ದರೆ ಹೆಸರಿನ ಹಿಂದೆ "ದಿವಂಗತ" ಅಂತ ಬರೆಸಿ. ಪೋಷಕರು ಅನ್ನೋ ಜಾಗದಲ್ಲಿ ಅಜ್ಜನ ಅಥವಾ ಅಜ್ಜಿಯ ಹೆಸರು, ಸಂಬಂಧ, ಫೋನ್ ನಂಬರ್ ಬರಲಿ.

ಈಗಾಗಲೇ ತಪ್ಪಾಗಿದ್ದರೆ ಎಸ್ಸೆಸ್ಸೆಲ್ಸಿ ತನಕ ಕಾಯಬೇಡಿ. ಮಗು ಪ್ರಾಥಮಿಕ ಶಾಲೆಯಲ್ಲಿ ಇರುವಾಗಲೇ ಜನನ ಪ್ರಮಾಣಪತ್ರ ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಹತ್ತನೇ ತರಗತಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸೋದು ಬಹಳ ದೂರದ ಹಾದಿ.

ಇನ್ನು ದಾಖಲಾತಿ. 9 ವರ್ಷದ ಮಗುವಿನ ಟಿಸಿ ತಂದೆಯ ಊರಿನ ಶಾಲೆಯಲ್ಲಿ ಉಳಿದಿದೆ ಅನ್ನೋ ಕಾರಣಕ್ಕೆ ಸರ್ಕಾರಿ ಶಾಲೆ ಸೇರಿಸಿಕೊಳ್ಳಲ್ಲ ಅನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ತಡೆಯುವ ಹಾಗಿಲ್ಲ. 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವಂತಿಲ್ಲ. ಇದು 6ರಿಂದ 14 ವರ್ಷದ ಮಕ್ಕಳಿಗೆ. ಹಳೇ ಶಾಲೆಯ ಹೆಸರು, ಊರು, ಓದಿದ ತರಗತಿ, ಸಾಧ್ಯವಾದರೆ ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದುಕೊಂಡು ಬನ್ನಿ. ಸ್ಯಾಟ್ಸ್ ಸಂಖ್ಯೆ ಹಳೇ ಪ್ರಗತಿ ಪತ್ರದ ಮೇಲೆ ಸಿಗಬಹುದು. ಅದಿದ್ದರೆ ಮಗುವಿನ ವಿವರ ಹುಡುಕೋದು ಸುಲಭ.

ದಾವಾ_ದಫ್ತರ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ಈಗ ಕಾನೂನು ಸ್ಥಿತಿ ಹೇಳ್ತೀನಿ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯಲ್ಲಿ ಸಹಜ ಪೋಷಕರು ಅಂದರೆ ತಂದೆ, ತಾಯಿ. ಅಜ್ಜ-ಅಜ್ಜಿ ಆ ಪಟ್ಟಿಯಲ್ಲಿ ಇಲ್ಲ. ಮಗು ಹುಟ್ಟಿದಾಗಿನಿಂದ ಸಾಕಿದ್ದರೂ ಇಲ್ಲ. ಹಾಗಾಗಿ ಕೋರ್ಟಿನಿಂದ ಪೋಷಕರಾಗಿ ನೇಮಕ ಆಗಬೇಕು. ಅದಕ್ಕೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಇದೆ, ಎಲ್ಲ ಧರ್ಮದವರಿಗೂ ಅನ್ವಯ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ವ್ಯಾಪ್ತಿಯ ಕೋರ್ಟಿನಲ್ಲಿ ಅರ್ಜಿ. ಕುಟುಂಬ ನ್ಯಾಯಾಲಯ ಇದ್ದರೆ ಅಲ್ಲಿ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ. ಮಗುವಿನ ಹೆಸರಲ್ಲಿ ಆಸ್ತಿ ಇದ್ದರೆ ಆಸ್ತಿಯ ಪೋಷಕತ್ವವನ್ನೂ ಬಿಡದೆ ಕೇಳಿ.

ಬೇಕಾಗೋ ಕಾಗದ: ಮಕ್ಕಳ ಜನನ ಪ್ರಮಾಣಪತ್ರ, ತಾಯಿಯ ಮರಣ ಪ್ರಮಾಣಪತ್ರ, ಅಜ್ಜ-ಅಜ್ಜಿಯ ಆಧಾರ್ ಮತ್ತು ವಿಳಾಸದ ದಾಖಲೆ, ಮಕ್ಕಳು ಇವರ ಬಳಿಯೇ ಇದ್ದಾರೆ ಅಂತ ತೋರಿಸೋ ಏನಾದರೂ. ಈ ಕೊನೆಯದಕ್ಕೆ ಅಂಗನವಾಡಿ ಹಾಜರಿ, ಶಾಲೆಯ ಪತ್ರ, ಲಸಿಕೆ ಹಾಕಿಸಿದ ತಾಯಿ ಕಾರ್ಡ್ ತುಂಬ ಬೆಲೆಯ ಸಾಕ್ಷಿ. ತಂದೆಗೆ ನೋಟಿಸ್ ಹೋಗಲೇಬೇಕು. ವಿಳಾಸ ಸಿಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆಗೆ ಕೋರ್ಟಿನ ಅನುಮತಿ ಕೇಳಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತೆ, ಆದ್ದರಿಂದ 12ನೇ ಕಲಂ ಕೆಳಗೆ ಮಧ್ಯಂತರ ಆದೇಶದ ಅರ್ಜಿಯನ್ನೂ ಜೊತೆಗೇ ಹಾಕಿಸಿ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಹೆಂಗಸರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಅಂದರೆ ಅರ್ಜಿಯಲ್ಲಿ ಅಜ್ಜಿಯ ಹೆಸರು ಮುಂದಿರಲಿ. ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಸಹಾಯವಾಣಿ 15100.

ಬಯಲುಸೀಮೆ_ಬಸಣ್ಣ

ಅಲ್ರೀ ವಕೀಲ್ರ, ಹಳ್ಯಾಗ ಯಾರು ಕೋರ್ಟಿಗೆ ಹೋಗ್ತಾರ್ರೀ? ನೂರು ರೂಪಾಯಿ ಬಾಂಡ್ ಮ್ಯಾಲೆ ಅಪ್ಪನ ಕಡಿಂದ "ಮಕ್ಕಳನ್ನ ಇವರಿಗೆ ಒಪ್ಪಿಸೇನಿ" ಅಂತ ಬರಸಿ ನೋಟರಿ ಮಾಡಿಸಿದ್ರ ಸಾಕು ಅಂತ ಎಲ್ಲಾರೂ ಹೇಳ್ತಾರ. ಕೆಲವರು ದತ್ತು ಪತ್ರ ಅಂತನ ಬರಸ್ತಾರ. ಅದು ನಡೆಂಗಿಲ್ಲೇನು?

ದಾವಾ_ದಫ್ತರ

ಬಸಣ್ಣ ಅವರೇ, ಇದನ್ನ ಕೇಳಿದ್ದು ಒಳ್ಳೇದಾಯ್ತು. ಎರಡನ್ನೂ ಬೇರೆ ಬೇರೆ ನೋಡಬೇಕು.

ಅಪ್ಪ-ಅಮ್ಮ ದುಡಿಯಲು ಹೋಗಿದ್ದಾರೆ, ಫೋನಿಗೆ ಸಿಗ್ತಾರೆ, ಜಗಳ ಇಲ್ಲ ಅಂದರೆ ಕೋರ್ಟ್ ಬೇಕಿಲ್ಲ. ಅಧಿಕಾರ ಪತ್ರ ಸಾಕು. ಅದರಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಅಜ್ಜ-ಅಜ್ಜಿಯ ಹೆಸರು, ಶಾಲೆಗೆ ಸೇರಿಸಲು, ಸಭೆಗೆ ಹೋಗಲು, ಲಸಿಕೆ ಹಾಕಿಸಲು, ಆಸ್ಪತ್ರೆಗೆ ಸೇರಿಸಿ ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಲು ಅಂತ ಬಿಡಿಬಿಡಿಯಾಗಿ ಬರೆಸಿ. "ಎಲ್ಲ ವಿಷಯಕ್ಕೂ" ಅಂತ ಒಂದೇ ಸಾಲು ಬರೆದರೆ ಆಸ್ಪತ್ರೆಯವರು ಒಪ್ಪದೆ ಇರಬಹುದು. ತಂದೆ-ತಾಯಿ ಇಬ್ಬರ ಸಹಿ, ಇಬ್ಬರ ಆಧಾರ್ ನಕಲು ಇರಲಿ, ನೋಟರಿ ಮಾಡಿಸಿ. ಆದರೆ ಇದು ತಂದೆ-ತಾಯಿ ಕೊಟ್ಟ ಅನುಮತಿ ಅಷ್ಟೇ. ನಾಳೆ ಅವರು "ವಾಪಸ್ ತಗೊಂಡೆ" ಅಂದರೆ ಅದರ ಬಲ ಮುಗೀತು. ಫೋನ್ ಎತ್ತದ ತಂದೆ ಇರೋ ಮನೆಗೆ ಇದರ ಭರವಸೆ ಸಾಲದು.

ದತ್ತು ಪತ್ರ ಮಾತ್ರ ಬೇಡ. ಹಿಂದೂ ದತ್ತಕ ಕಾಯ್ದೆಯಲ್ಲಿ ಮಗ, ಮೊಮ್ಮಗ ಅಥವಾ ಮರಿಮೊಮ್ಮಗ, ಅಂದರೆ ಗಂಡು ಸಂತಾನದ ಸಾಲಿನವರು ಬದುಕಿದ್ದರೆ ಗಂಡು ಮಗುವನ್ನ ದತ್ತು ತಗೊಳ್ಳೋ ಹಾಗಿಲ್ಲ. ದತ್ತು ಅಂದರೆ ಹೆತ್ತ ಕುಟುಂಬದ ನಂಟು ಕಾನೂನಿನಲ್ಲಿ ಕಡಿದ ಹಾಗೆ. ಮುಂದೆ ತಂದೆಯಿಂದ ಬರಬೇಕಾದ ಆಸ್ತಿಯ ವಾರಸುದಾರಿಕೆಯೂ ಹೋಗುತ್ತೆ. ಮಗುವಿಗೆ ಒಳ್ಳೇದು ಮಾಡಲು ಹೋಗಿ ಮಗುವಿನ ಪಾಲನ್ನೇ ಕಳೆದ ಹಾಗಾಗುತ್ತೆ.

ಅಂಗನವಾಡಿ_ಅಂಗಳ

ಒಂದು ಅನುಮಾನ. ತಂದೆ ನಾಳೆ ಬಂದು "ನನ್ನ ಮಕ್ಕಳು ಕೊಡಿ" ಅಂದರೆ? ಅಜ್ಜ-ಅಜ್ಜಿಗೆ ವಯಸ್ಸಾಗಿದೆ ಅಂತ ಕೋರ್ಟ್ ಹೇಳಿಬಿಟ್ಟರೆ?

ದಾವಾ_ದಫ್ತರ

ಎರಡೂ ಆಗುವ ಸಂಭವ ಇದೆ, ಮುಚ್ಚಿಡೋದು ಬೇಡ. 2019ರಲ್ಲಿ ಸುಪ್ರೀಂ ಕೋರ್ಟ್ ತಾಯಿ ತೀರಿಕೊಂಡ ಪುಟ್ಟ ಮಗುವನ್ನ ತಾಯಿಯ ಕಡೆಯ ಬಂಧುಗಳಿಂದ ತಂದೆಗೆ ಕೊಡಿಸಿದೆ. ಸಂಬಂಧಿಕರು ಪ್ರೀತಿಯಿಂದ ಸಾಕಿದ್ದೊಂದೇ ಅಲ್ಲಿ ಸಾಕಾಗಲಿಲ್ಲ. ಆದರೆ ತಂದೆಯ ಹಕ್ಕಿಗಿಂತ ಮಗುವಿನ ಹಿತವೇ ಮೇಲು ಅಂತ 1956ರ ಪೋಷಕತ್ವ ಕಾಯ್ದೆಯ 13ನೇ ಕಲಂ ಹೇಳುತ್ತೆ. ಹಾಗಾಗಿ ತಂದೆ ವರ್ಷಗಟ್ಟಲೆ ಬರದಿದ್ದುದು, ಖರ್ಚಿಗೆ ಕೊಡದಿದ್ದುದು ದಾಖಲೆಯಲ್ಲಿ ಇರಬೇಕು. ಆತ ಬಂದ ದಿನಾಂಕ, ಕಳಿಸಿದ ಹಣ, ಎತ್ತದ ಕರೆಗಳು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳನ್ನ ನೋಡಲು ಬಂದರೆ ತಡೆಯಬೇಡಿ. ತಡೆದದ್ದೇ ನಾಳೆ ನಿಮ್ಮ ವಿರುದ್ಧ ವಾದ ಆಗುತ್ತೆ.

ವಯಸ್ಸಿನ ಮಾತಿಗೆ ಇನ್ನೊಂದು ತೀರ್ಪು ಧೈರ್ಯ ಕೊಡುತ್ತೆ. 2021ರ ಕೋವಿಡ್‌ನಲ್ಲಿ ಅಹಮದಾಬಾದಿನ ಒಬ್ಬ ಹುಡುಗ ತಂದೆ-ತಾಯಿ ಇಬ್ಬರನ್ನೂ ಕಳಕೊಂಡ. ಗುಜರಾತ್ ಹೈಕೋರ್ಟ್ ಅವನನ್ನ ತಾಯಿಯ ಸೋದರಿಗೆ ಒಪ್ಪಿಸಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಬದಲಿಸಿ ತಂದೆಯ ಕಡೆಯ ಅಜ್ಜ-ಅಜ್ಜಿಗೆ ಕೊಡಿಸಿತು. ಆದಾಯ, ವಯಸ್ಸು, ದೊಡ್ಡ ಕುಟುಂಬ ಇದೆ ಅನ್ನೋದು ಇಷ್ಟರಿಂದಲೇ ತೀರ್ಮಾನ ಮಾಡಲಾಗದು ಅಂತ ಹೇಳಿತು.

ನಾಡಕಚೇರಿ_ಸಾಲು

ಕಾಗದದ ಕ್ರಮ ನಾನು ಬರೀತೀನಿ. ಎಲ್ಲದಕ್ಕೂ ಮೊದಲು ತಾಯಿಯ ಮರಣ ಪ್ರಮಾಣಪತ್ರ. 21 ದಿನದೊಳಗೆ ನೋಂದಣಿ ಆಗಿದ್ದರೆ ತಕರಾರಿಲ್ಲ. ಒಂದು ವರ್ಷ ದಾಟಿದರೆ ಕಂದಾಯ ಅಧಿಕಾರಿಯ ಆದೇಶ ಬೇಕಾಗುತ್ತೆ. 2023ರ ತಿದ್ದುಪಡಿಗೆ ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಇಲ್ಲದೆ ಆಧಾರ್ ಆಗೋದಿಲ್ಲ, ಶಾಲೆಯೂ ಅದನ್ನೇ ಕೇಳುತ್ತೆ.

ಆಧಾರ್: 5 ವರ್ಷದೊಳಗೆ ಮಾಡಿಸಿದ್ದರಲ್ಲಿ ಬೆರಳಚ್ಚು ಇರುವುದಿಲ್ಲ. 5 ತುಂಬಿದ ಮೇಲೆ ಒಮ್ಮೆ, 15 ತುಂಬಿದ ಮೇಲೆ ಒಮ್ಮೆ ಬಯೋಮೆಟ್ರಿಕ್ ಮಾಡಿಸಬೇಕು. 5ರಿಂದ 7, 15ರಿಂದ 17ರ ನಡುವೆ ಮಾಡಿಸಿದರೆ ದುಡ್ಡಿಲ್ಲ. ಇದು ತಪ್ಪಿದ್ದು ವಿದ್ಯಾರ್ಥಿವೇತನದ ಹೊತ್ತಿಗೆ ಗೊತ್ತಾಗುತ್ತೆ.

ರೇಷನ್ ಕಾರ್ಡ್: ಮಕ್ಕಳ ಹೆಸರು ತಂದೆಯ ಕಾರ್ಡಿನಲ್ಲಿದ್ದರೆ ಅಲ್ಲಿ ತೆಗೆಸದೆ ಅಜ್ಜನ ಕಾರ್ಡಿಗೆ ಏರೋದಿಲ್ಲ. ತಂದೆ ಸಹಕರಿಸದಿದ್ದರೆ ಶಾಲೆಯ ಪತ್ರ, ತಾಯಿಯ ಮರಣ ಪ್ರಮಾಣಪತ್ರ ಇಟ್ಟು ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಅರ್ಜಿ ಕೊಡಿ. ತಲೆಗೆ ಸಿಗೋ ಅಕ್ಕಿಗಿಂತ ಇದರ ಲಾಭ ಆಸ್ಪತ್ರೆಯಲ್ಲಿ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ, ಮಗು ಆ ಕಾರ್ಡಿನಲ್ಲಿದ್ದರೆ.

ಜಾತಿ ಪ್ರಮಾಣಪತ್ರ ತಂದೆಯ ಜಾತಿಯ ಮೇಲೆ ಹೋಗೋದರಿಂದ ತವರಲ್ಲಿ ಬೆಳೆಯೋ ಮಕ್ಕಳಿಗೆ ಇಲ್ಲೇ ತೊಡಕು. ತಂದೆಯ ಹಳೇ ಟಿಸಿ ಅಥವಾ ಜಾತಿ ಪ್ರಮಾಣಪತ್ರದ ಒಂದು ನಕಲನ್ನ, ಮಾತುಕತೆ ಇರುವಾಗಲೇ, ಬೀಗರ ಕಡೆಯಿಂದ ತರಿಸಿಟ್ಟುಕೊಳ್ಳಿ. ಮಾತು ಮುರಿದ ಮೇಲೆ ಯಾರೂ ಕೊಡೋದಿಲ್ಲ. ತಂದೆ ನಾಪತ್ತೆ ಅಂತಾದರೆ ಇವತ್ತೇ ಪೊಲೀಸ್ ಠಾಣೆಯಲ್ಲಿ ಕಾಣೆಯಾದ ದೂರು ದಾಖಲಿಸಿ ಪ್ರತಿ ಇಟ್ಟುಕೊಳ್ಳಿ. ಏಳು ವರ್ಷ ಸುಳಿವಿಲ್ಲದವರು ಸತ್ತಿದ್ದಾರೆ ಅಂತ ಕಾನೂನು ಊಹಿಸೋದು ನಿಜ, ಆದರೆ ಆಗ ಕೋರ್ಟ್ ಕೇಳೋದು ಈ ದೂರಿನ ಪ್ರತಿಯನ್ನೇ.

ಮಕ್ಕಳ_ಘಟಕ

ತಿಂಗಳಿಗೆ 4,000 ರೂಪಾಯಿ ಬರೋ ದಾರಿ ಯಾರೂ ಹೇಳಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ತಂದೆ-ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಇರೋ ಮಕ್ಕಳು, ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು, ಹೆತ್ತವರು ಗಂಭೀರ ಕಾಯಿಲೆಯಲ್ಲಿರೋ ಮಕ್ಕಳು, ಮಕ್ಕಳ ಕಲ್ಯಾಣ ಸಮಿತಿ ರಕ್ಷಣೆ ಬೇಕು ಅಂತ ಗುರುತಿಸಿದ ಮಕ್ಕಳು ಅರ್ಹರು. ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ನಿಮ್ಮ ಮಾದರಿಯಲ್ಲಿ ತಂದೆ ಬದುಕಿರೋದರಿಂದ "ಅನಾಥ ಅಲ್ಲ" ಅಂತ ಅರ್ಜಿ ಬದಿಗೆ ಹೋಗುತ್ತೆ. ಅದಕ್ಕೇ ಮೊದಲು ಮಕ್ಕಳನ್ನ ಕರಕೊಂಡು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಿ, ತಂದೆ ಕೈಬಿಟ್ಟಿದ್ದಾನೆ ಅಂತ ಲಿಖಿತವಾಗಿ ಹೇಳಿ. ಸಮಿತಿ ಅಂದರೆ ಮಕ್ಕಳನ್ನ ಬಾಲಮಂದಿರಕ್ಕೆ ಕಿತ್ತುಕೊಳ್ತಾರೆ ಅನ್ನೋ ಭಯ ಅಜ್ಜಿಯರಲ್ಲಿ ತುಂಬ ಇದೆ. ಬಾಲನ್ಯಾಯ ಕಾಯ್ದೆಯೇ ಕುಟುಂಬದಲ್ಲಿ ಬೆಳೆಸೋದು ಮೊದಲು, ಸಂಸ್ಥೆ ಕಡೆಯ ದಾರಿ ಅನ್ನುತ್ತೆ. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗು ಶಾಲೆ ಬಿಟ್ಟರೆ ಅಥವಾ ಸಂಸ್ಥೆ ಸೇರಿದರೆ ಈ ಹಣ ನಿಲ್ಲುತ್ತೆ, ಹಾಜರಾತಿ ಜೋಪಾನ.

ಅಂಚೆ_ಡಬ್ಬಿ

ಹೆಣ್ಣುಮಗು ಇದ್ದರೆ ಒಂದು ಎಚ್ಚರಿಕೆ. ಸುಕನ್ಯಾ ಸಮೃದ್ಧಿ ಖಾತೆಯನ್ನ ಅಜ್ಜ-ಅಜ್ಜಿ ಪ್ರೀತಿಯಿಂದ ತೆರೆದಿರ್ತಾರೆ. ನಿಯಮದ ಪ್ರಕಾರ ತೆರೆಯಬೇಕಾದವರು ಸಹಜ ಪೋಷಕರು ಅಥವಾ ಕಾನೂನುಬದ್ಧ ಪೋಷಕರು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸೂಚನೆಯಂತೆ ಅಜ್ಜ-ಅಜ್ಜಿ ತೆರೆದ ಖಾತೆಗಳ ಪೋಷಕತ್ವವನ್ನ ತಂದೆ-ತಾಯಿಗೆ ಅಥವಾ ಕೋರ್ಟ್ ನೇಮಿಸಿದವರಿಗೆ ವರ್ಗಾಯಿಸಬೇಕು. ಇಲ್ಲಿ ತಂದೆಯ ಹೆಸರಿಗೆ ಬರೆಸಿಬಿಡಬೇಡಿ, ಮೊದಲು ಕೋರ್ಟ್ ಆದೇಶ ತನ್ನಿ. ಮಗುವಿಗೆ 10 ತುಂಬುವ ಮೊದಲು ಮಾತ್ರ ಹೊಸ ಖಾತೆ, ವರ್ಷಕ್ಕೆ ಕನಿಷ್ಠ 250 ರೂಪಾಯಿ.

ತೀರಿಕೊಂಡ ತಾಯಿ ಗಾರ್ಮೆಂಟ್ಸಿನಲ್ಲೋ ಫ್ಯಾಕ್ಟರಿಯಲ್ಲೋ ದುಡಿದಿದ್ದರೆ ಪಿಎಫ್ ಮರೆಯಬೇಡಿ. ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10-ಡಿ, ವಿಮೆಗೆ 5-ಐಎಫ್, ಮೂರೂ ಬೇರೆ ಬೇರೆ. ಪಿಂಚಣಿ ಯೋಜನೆಯಲ್ಲಿ ಮಕ್ಕಳಿಗೆ 25 ವರ್ಷದ ತನಕ ಪಾಲಿದೆ. ಅವಳ ಯುಎಎನ್, ಅಂದರೆ ಪಿಎಫ್ ಸದಸ್ಯರ ಗುರುತಿನ ಸಂಖ್ಯೆ, ಹಳೇ ಸಂಬಳದ ಚೀಟಿಯಲ್ಲಿರುತ್ತೆ. ಸೀರೆ-ಸಾಮಾನು ಹಂಚುವಾಗ ಕಾಗದದ ಚೀಲ ಎಸೆಯಬೇಡಿ.

ಮದ್ದಿನ_ಮನೆ

ಕಾಗದದ ಮಾತು ಆಯ್ತು, ನಾನು ಔಷಧಿ ಅಂಗಡಿ ಕಡೆಯ ಮಾತು ಹೇಳ್ತೀನಿ. ಅಜ್ಜ-ಅಜ್ಜಿ ಮನೆಯಲ್ಲಿ ಮಗುವಿಗೆ ಅತಿ ದೊಡ್ಡ ಅಪಾಯ ಅಜ್ಜನ ಮಾತ್ರೆ ಡಬ್ಬಿ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಒಂದೇ ಮಾತ್ರೆ ಸಾಕು 4 ವರ್ಷದ ಮಗುವಿನ ರಕ್ತದ ಸಕ್ಕರೆ ಕುಸಿಯಲು, ಮತ್ತು ಕುಸಿತ ಗಂಟೆಗಟ್ಟಲೆ ತಡವಾಗಿ ಬರಬಹುದು. ಮಗು ಆಡ್ಕೊಂಡಿದೆ ಅಂತ ಮನೆಯಲ್ಲಿ ಕಾಯಬೇಡಿ. ಎಚ್ಚರವಾಗಿದ್ದರೆ ಸಕ್ಕರೆ ನೀರು ಕುಡಿಸಿ, ವಾಂತಿ ಮಾಡಿಸಬೇಡಿ, ಮಾತ್ರೆ ಪಟ್ಟಿಯನ್ನೂ ತಗೊಂಡು 108ರಲ್ಲಿ ಆಸ್ಪತ್ರೆಗೆ ಹೋಗಿ. ಬಿಪಿಯ ಆಮ್ಲೋಡಿಪಿನ್ ಕೂಡ ಅಷ್ಟೇ ಅಪಾಯ. ವಾರದ ದಿನಗಳ ಹೆಸರಿರೋ ಪ್ಲಾಸ್ಟಿಕ್ ಡಬ್ಬಿ ಮಗುವಿನ ಕೈಗೆ ಒಂದೇ ಒತ್ತಿಗೆ ತೆರೆಯುತ್ತೆ. ಅದನ್ನ ದಿಂಬಿನ ಪಕ್ಕ, ಟಿವಿ ಮುಂದೆ ಇಡದೆ ಬೀಗ ಇರೋ ಬೀರುವಿನಲ್ಲಿಡಿ. "ಚಾಕ್ಲೇಟು" ಅಂತ ಹೇಳಿ ಮಗುವಿಗೆ ಮಾತ್ರೆ ಕೊಡೋ ಅಭ್ಯಾಸವೂ ಬೇಡ.

ಎರಡನೆಯದು ಜ್ವರದ ಪ್ಯಾರಸಿಟಮಾಲ್. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತೆ: 5 ಮಿಲಿಯಲ್ಲಿ 120 ಮಿಲಿಗ್ರಾಂ, 5 ಮಿಲಿಯಲ್ಲಿ 250 ಮಿಲಿಗ್ರಾಂ, ಮತ್ತು ಹನಿ ಔಷಧಿ, ಅದರಲ್ಲಿ 1 ಮಿಲಿಗೇ 100 ಮಿಲಿಗ್ರಾಂ. ಮಗುವಿನ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. 12 ಕಿಲೋ ಮಗುವಿಗೆ 120ರಿಂದ 180. ಮೊದಲ ಬಾಟಲಿಯಲ್ಲಿ ಅದು 5ರಿಂದ 7.5 ಮಿಲಿ, ಎರಡನೆಯದರಲ್ಲಿ 2.5ರಿಂದ 3.5 ಮಿಲಿ, ಹನಿಯಲ್ಲಿ 1.2ರಿಂದ 1.8 ಮಿಲಿ. "ಹೋದ ಸಲ ಒಂದು ಮುಚ್ಚಳ ಕೊಟ್ಟಿದ್ದೆ" ಅಂತ ಹನಿ ಔಷಧಿಯನ್ನ 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ಕಣ್ಣು ಮಂಜಾದವರಿಗೆ ಬಾಟಲಿಯ ಅಕ್ಷರ ಕಾಣೋದಿಲ್ಲ, ಹಾಗಾಗಿ ಅಂಗಡಿಯವರ ಕೈಯಲ್ಲೇ ಬಾಟಲಿ ಮೇಲೆ ದಪ್ಪ ಪೆನ್ನಿಂದ "ಇಷ್ಟು ಮಿಲಿ, 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರಬಾರದು" ಅಂತ ಬರೆಸಿ. ತೂಕ ಅಂಗನವಾಡಿಯಲ್ಲಿ ಗೊತ್ತಾಗುತ್ತೆ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬಂದ ಅಳತೆ ಮುಚ್ಚಳವೇ ಸರಿ. ನೆಗಡಿ-ಕೆಮ್ಮಿನ ಮಿಶ್ರಣದ ಸಿರಪ್ಪನ್ನ ಈ ವಯಸ್ಸಿನವರಿಗೆ ವೈದ್ಯರನ್ನ ಕೇಳದೆ ಕೊಡಲೇಬೇಡಿ.

ಬಯಲುಸೀಮೆ_ಬಸಣ್ಣ

ಭಾಳ ಚಲೋ ಹೇಳಿದ್ರಿ. ಇನ್ನೊಂದು ಕೇಳ್ತೇನ್ರೀ. ನಾಲ್ಕು ವರ್ಷದ್ದು ದಿನಾ "ಅವ್ವ ಎಲ್ಲಿ" ಅಂತದ. ಊರಿಗೆ ಹೋಗ್ಯಾಳ, ಬರ್ತಾಳ ಅಂತ ಹೇಳಿ ಮಲಗಿಸ್ತಾರ. ಇದು ಸರಿಯೇನ್ರೀ?

ಮನದ_ಮಾತು

ಸರಿಯಲ್ಲ ಬಸಣ್ಣ ಅವರೇ, ಆದರೆ ಹಾಗೆ ಹೇಳೋದು ಎಷ್ಟು ಸಂಕಟದಿಂದ ಅನ್ನೋದೂ ಅರ್ಥವಾಗುತ್ತೆ. ಮಗಳನ್ನ ಕಳಕೊಂಡ ಅಜ್ಜಿಗೆ ಆ ಮಾತು ಬಾಯಿಂದ ಹೊರಡೋದೇ ಕಷ್ಟ. "ಊರಿಗೆ ಹೋಗ್ಯಾಳ" ಅಂದರೆ ಮಗು ಬಸ್ಸಿನ ಸದ್ದಿಗೆಲ್ಲ ಬಾಗಿಲಿಗೆ ಓಡುತ್ತೆ. ಅಜ್ಜಿ ಸಂತೆಗೆ ಹೊರಟರೂ ಇವಳೂ ಬರೋದಿಲ್ಲ ಅಂತ ಹೆದರಿ ಸೆರಗು ಬಿಡೋದಿಲ್ಲ. "ಮಲಗ್ಯಾಳ" ಅಂದರೆ ನಿದ್ದೆಗೇ ಹೆದರುತ್ತೆ. "ಅವ್ವಗ ಭಾಳ ಆರಾಮ ಇರಲಿಲ್ಲ, ಸತ್ತಾಳ, ಇನ್ನ ಬರಂಗಿಲ್ಲ. ನಾನು ಇಲ್ಲೇ ಅದೀನಿ" ಅಂತ ಸಣ್ಣ ಮಾತಿನಲ್ಲಿ ಹೇಳಬೇಕು. ಮಗು ಮತ್ತೆ ಮತ್ತೆ ಕೇಳುತ್ತೆ, ಪ್ರತಿ ಸಲವೂ ಅದೇ ಮಾತು, ಅದೇ ದನಿ. 9 ವರ್ಷದ್ದು ಕೇಳದೇ ಇರಬಹುದು. ಸುಮ್ಮನಿದೆ ಅಂತ ಮರೆತಿದೆ ಅಂದುಕೊಳ್ಳಬೇಡಿ, "ನನ್ನಿಂದ ಹೀಗಾಯ್ತಾ" ಅನ್ನೋ ಅನುಮಾನ ಆ ವಯಸ್ಸಿನ ಮಕ್ಕಳೊಳಗೆ ಇರುತ್ತೆ. "ನಿನ್ನಿಂದ ಏನೂ ಆಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಬೈಯಬೇಡಿ. ತಿಂಗಳುಗಟ್ಟಲೆ ನಡೆದರೆ ಅಥವಾ ಊಟ, ಆಟ ಬಿಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಅದು ಅಜ್ಜಿಯ ದುಃಖಕ್ಕೂ ಇರೋ ನಂಬರು. ತಂದೆಯನ್ನ ಮಕ್ಕಳ ಮುಂದೆ ಬೈಯೋದನ್ನ ನಿಲ್ಲಿಸಲೇಬೇಕು, ಎಷ್ಟೇ ಸಿಟ್ಟಿದ್ದರೂ.

ಅಂಗನವಾಡಿ_ಅಂಗಳ

ಎಲ್ಲರ ಉತ್ತರ ಮುದ್ರಿಸಿ ಅಂಗನವಾಡಿಯಲ್ಲಿ ಓದಿ ಹೇಳ್ತೀನಿ. ಕಡೆಯ ಪ್ರಶ್ನೆ, ಅಜ್ಜ ಕೇಳಿಯೇ ಕೇಳ್ತಾರೆ: "ನಮ್ಮ ಕಾಲ ಆದ ಮೇಲೆ?" ವಿಲ್‌ನಲ್ಲಿ ಮಕ್ಕಳನ್ನ ಯಾರು ನೋಡಬೇಕು ಅಂತ ಬರೆದರೆ ನಡೆಯುತ್ತಾ?

ದಾವಾ_ದಫ್ತರ

ಆಸ್ತಿಯನ್ನ ವಿಲ್ ಮೂಲಕ ಮಕ್ಕಳಿಗೆ ಕೊಡಬಹುದು. ಆದರೆ ವಿಲ್ ಮೂಲಕ ಪೋಷಕರನ್ನ ನೇಮಿಸೋ ಅಧಿಕಾರ ಹಿಂದೂ ಕಾನೂನಿನಲ್ಲಿ ತಂದೆ-ತಾಯಿಗೆ ಮಾತ್ರ, ಅಜ್ಜ-ಅಜ್ಜಿಗೆ ಇಲ್ಲ. ಅದಕ್ಕೆ ದಾರಿ ಬೇರೆ. ಈಗ ಹಾಕೋ ಅರ್ಜಿಯಲ್ಲೇ ಅಜ್ಜಿಯ ಜೊತೆ ಮಕ್ಕಳ ಸೋದರಮಾವನನ್ನೋ ಚಿಕ್ಕಮ್ಮನನ್ನೋ, ನಂಬಿಕೆಯ ಕಿರಿಯರೊಬ್ಬರನ್ನ, ಜಂಟಿ ಪೋಷಕರಾಗಿ ನೇಮಿಸಿ ಅಂತ ಕೇಳಿ. 1890ರ ಕಾಯ್ದೆಯ 38ನೇ ಕಲಂ ಪ್ರಕಾರ ಜಂಟಿ ಪೋಷಕರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಪೋಷಕತ್ವ ಹಾಗೇ ಮುಂದುವರಿಯುತ್ತೆ, ಮಕ್ಕಳು ಮತ್ತೆ ಕೋರ್ಟ್ ಮೆಟ್ಟಿಲಲ್ಲಿ ನಿಲ್ಲಬೇಕಾಗಿಲ್ಲ. ಆ ಕಿರಿಯರ ಒಪ್ಪಿಗೆಯ ಪ್ರಮಾಣಪತ್ರ, ಆಧಾರ್ ನಕಲು ಅರ್ಜಿಯ ಜೊತೆಗಿರಲಿ. ತಾಯಿಯ ಹೆಸರಲ್ಲಿ ಸೈಟೋ ಜಮೀನೋ ಇದ್ದರೆ ಅದರಲ್ಲಿ ಮಕ್ಕಳಿಗೂ ಪಾಲಿದೆ, ಕೋರ್ಟಿನ ಅನುಮತಿ ಇಲ್ಲದೆ ಅಜ್ಜ ಅದನ್ನ ಮಾರುವ ಹಾಗಿಲ್ಲ, ಮದುವೆ-ಓದಿನ ಖರ್ಚಿಗೆ ಅಂದರೂ ಸರಿಯೇ. ಸೋಮವಾರ ಅಜ್ಜಿಯನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರಕೊಂಡು ಹೋಗುವಾಗ ಮೂಲ ದಾಖಲೆ ಕೊಡಬೇಡಿ, ಎಲ್ಲದರ ಎರಡೆರಡು ನಕಲು ತಗೊಂಡು ಹೋಗಿ. ಮಕ್ಕಳ ತಾಯಿ ಕಾರ್ಡಂತೂ ಮನೆ ಬಿಟ್ಟು ಹೋಗದಿರಲಿ.